ಕವಿಯ ಪರ ವಕಾಲತ್ತು

ಗಾಯಕ ಶಿವಮೊಗ್ಗ ಸುಬ್ಬಣ್ಣನವರ ಹೆಸರು ಬಂದಲ್ಲೆಲ್ಲ ಒಂದು ಮರುಕದ ಮಾತು ಅದರ ಬೆನ್ನಿಗೇ ಬರುತ್ತದೆ. ಸಾಗರದ ಒಂದು ಮದುವೆಮನೆಯಲ್ಲಿ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಅದನ್ನು ಹೇಳಿದ್ದು ಹೀಗೆ: “ಪಾಪ, ಕೋರ್ಟು ಕಚೇರಿ ಅಂತ ಅಲೀತಾನೇ ಅಷ್ಟು ಹಾಡಿದ್ರು ಮಾರಾಯ್ರೆ. ಪೂರ್ತಿ ಹಾಡಿಗೇ ನಿಂತಿದ್ರೆ ಎಲ್ಲಿಗೆ ಹೋಗ್ತಿದ್ರೋ!” ಸುತ್ತ ಕೂತವರೆಲ್ಲ ಹೌದು ಹೌದೆಂದರು. ನಾನೂ ತಲೆಯಾಡಿಸಿದೆ. ಆಮೇಲೆ ಅವರ ಹಾಡುಗಳನ್ನು ಒಂದೊಂದಾಗಿ ಮತ್ತೆ ಕೇಳುತ್ತ ಬಂದ ಹಾಗೆ, ಅವತ್ತು ತಲೆಯಾಡಿಸಿದ್ದು ತಪ್ಪು ಅನ್ನಿಸತೊಡಗಿತು. ಈಗ ಅದು ತಪ್ಪೆಂದು ನನಗೆ ಖಚಿತ.

ಆ ಮಾತಿನ ಒಳಗೆ ಒಂದು ನಂಬಿಕೆ ಅಡಗಿದೆ. ಕರಿಕೋಟು ಹೊಟ್ಟೆಪಾಡಿಗೆ, ಹಾಡು ಆತ್ಮಕ್ಕೆ. ಎರಡರಲ್ಲಿ ಒಂದು ಇನ್ನೊಂದನ್ನು ತಿಂದುಹಾಕಿತು ಎಂಬ ನಂಬಿಕೆ. ಕಾನೂನು ಒಣ ವಿಷಯ, ಸಂಗೀತ ಹಸಿ ವಿಷಯ, ಎರಡೂ ಒಬ್ಬನಲ್ಲಿ ಇದ್ದರೆ ಅದು ಆಕಸ್ಮಿಕ ಎಂಬ ನಂಬಿಕೆಯೂ ಅದರ ಜೊತೆಗಿದೆ. ನನ್ನ ವಾದ ಇದಕ್ಕೆ ತೀರ ವಿರುದ್ಧವಾದದ್ದು. ಸುಬ್ಬಣ್ಣನವರ ಗಾಯನದಲ್ಲಿ ಯಾವುದು ಅವರದೇ ಗುಣವೋ, ಬೇರೆ ಯಾರಲ್ಲೂ ಆ ಪ್ರಮಾಣದಲ್ಲಿ ಸಿಗದೋ, ಅದು ವಕೀಲಿಕೆಯ ಗುಣ. ವಕೀಲರಾಗಿದ್ದೂ ಅವರು ಹಾಡಿದರು ಎನ್ನುವುದಕ್ಕಿಂತ ವಕೀಲರಾಗಿಯೇ ಹಾಡಿದರು ಎನ್ನುವುದು ಸರಿ.

ಸುಬ್ಬಣ್ಣನವರ ಕಾಗದಪತ್ರದಲ್ಲಿನ ಹೆಸರು ಜಿ. ಸುಬ್ರಹ್ಮಣ್ಯ. ಹುಟ್ಟಿದ್ದು 1938ರ ಡಿಸೆಂಬರ್ 14ರಂದು, ಹೊಸನಗರ ತಾಲೂಕಿನ ನಗರದಲ್ಲಿ. ಈ ಊರಿನ ಹಳೆಯ ಹೆಸರು ಬಿದನೂರು. ಕೆಳದಿ ಅರಸರು ಆಳಿದ ರಾಜಧಾನಿ. 1763ರಲ್ಲಿ ಹೈದರಾಲಿಯ ಕೈಗೆ ಬಿದ್ದ ಮೇಲೆ ಅದು ಹೈದರನಗರವಾಗಿ, ಬರೀ ನಗರವಾಗಿ ಉಳಿಯಿತು. ಕೆಳದಿಯ ಅರಸರಲ್ಲೊಬ್ಬನಾದ ಶಿವಪ್ಪ ನಾಯಕ ಗದ್ದೆ ತೋಟಗಳ ಹುಟ್ಟುವಳಿ ನೋಡಿ ಕಂದಾಯ ಗೊತ್ತುಮಾಡಿದ, ಆ ಪದ್ಧತಿಗೆ ‘ಶಿಸ್ತು’ ಎಂದೇ ಹೆಸರಾಯಿತು. ಹುಲಿಕಲ್ಲು ಘಾಟಿಯ ಮೇಲಿನ ಈ ಮಳೆಯೂರಿನಲ್ಲಿ ತಾತ ಶಾಮಣ್ಣನವರ ನೆರಳಿನಲ್ಲಿ ಬೆಳೆದ ಹುಡುಗ ಬಿ.ಎ., ಬಿ.ಕಾಂ., ಎಲ್‌ಎಲ್.ಬಿ. ಓದಿ ಶಿವಮೊಗ್ಗದಲ್ಲಿ ವಕೀಲರಾದರು, ನೋಟರಿಯಾದರು. ಆಕಾಶವಾಣಿಯಲ್ಲಿ ಹಾಡಿದರು. 2022ರ ಆಗಸ್ಟ್ 11ರಂದು, 83ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಕಲಾವಿದ ನೌಕರಿಯನ್ನು ಒದ್ದು ಹೊರಬರಬೇಕು ಎಂಬ ಚಿತ್ರ ನಮ್ಮದಲ್ಲ. ನಮ್ಮಲ್ಲಿ ಅಡಿಕೆ ತೋಟ ನೋಡಿಕೊಂಡು ಯಕ್ಷಗಾನದ ವೇಷ ಕಟ್ಟುವವರು, ಶಾಲೆ ಬಿಟ್ಟ ಮೇಲೆ ತಾಳಮದ್ದಳೆಗೆ ಅರ್ಥ ಹೇಳುವ ಮೇಷ್ಟ್ರುಗಳು, ಕಕ್ಷಿದಾರನ ವಾದ ಮುಗಿಸಿ ಬಂದು ರಾತ್ರಿ ಕೃಷ್ಣಸಂಧಾನದಲ್ಲಿ ಕೌರವನ ಪರ ನಿಲ್ಲುವ ವಕೀಲರು ಎಂದಿನಿಂದಲೂ ಇದ್ದಾರೆ. ಅವರನ್ನು ನೋಡಿ ಯಾರೂ ಪಾಪ ಅನ್ನುವುದಿಲ್ಲ. ಆ ಇನ್ನೊಂದು ಚಿತ್ರ ಯುರೋಪಿನ ರಮ್ಯಕಾಲದ್ದು. ಅದಕ್ಕೆ ಎಲ್ಲರೂ ಕೊಡುವ ಉದಾಹರಣೆ ರಾಬರ್ಟ್ ಶೂಮನ್. 1828ರಲ್ಲಿ ಕಾನೂನು ಓದಲೆಂದು ಲೈಪ್‌ಜಿಗ್‌ಗೆ ಬಂದವನು 1830ರಲ್ಲಿ ಅದನ್ನು ಕೈಬಿಟ್ಟು ಸಂಗೀತಕ್ಕೆ ನಿಂತ. ಆದರೆ ಅದೇ ಊರಿನಲ್ಲಿ ಅವನಿಗಿಂತ ಸುಮಾರು ನೂರೈವತ್ತು ವರ್ಷ ಹಿಂದೆ ಇನ್ನೊಬ್ಬನಿದ್ದ, ಯೋಹಾನ್ ಕೂನೌ. ಅವನ ಕತೆಯನ್ನು ನಾವು ಕೇಳುವುದೇ ಇಲ್ಲ.

ಕೂನೌ 1682ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯಕ್ಕೆ ಕಾನೂನು ಓದಲು ಸೇರಿದ. ಎರಡು ವರ್ಷಕ್ಕೆ ಅಲ್ಲಿನ ಸಂತ ಥಾಮಸ್ ಚರ್ಚಿನ ಆರ್ಗನ್ ವಾದಕನಾದ. 1688ರಲ್ಲಿ ಕಾನೂನಿನ ಪ್ರಬಂಧ ಬರೆದು ವಕೀಲಿ ಶುರುಮಾಡಿದ. ಆ ಪ್ರಬಂಧದ ವಿಷಯ ಚರ್ಚಿನ ಸಂಗೀತಗಾರರ ಹಕ್ಕುಗಳು. ಬೆಳಿಗ್ಗೆ ಆರ್ಗನ್ನಿನ ಮುಂದೆ ಕೂರುವವನು ತನ್ನಂಥವರಿಗೆ ಕಾನೂನಿನಲ್ಲಿ ಏನು ಸಲ್ಲಬೇಕು ಎಂದು ಲೆಕ್ಕ ಹಾಕಿದ್ದ. ಹೀಬ್ರೂ, ಗ್ರೀಕ್ ಬಲ್ಲವನು. 1700ರಲ್ಲಿ ಬೈಬಲ್ಲಿನ ಕತೆಗಳನ್ನು ಕೀಲಿಮಣೆಯ ಮೇಲೆ ನುಡಿಸುವ ಆರು ಸೊನಾಟಾಗಳನ್ನು ಪ್ರಕಟಿಸಿದಾಗ, ಸ್ವರ ಎಲ್ಲಿ ಏನು ಹೇಳುತ್ತಿದೆ ಎಂಬುದನ್ನು ಮಾತಿನಲ್ಲೂ ಬರೆದು ಜೊತೆಗೆ ಅಚ್ಚು ಹಾಕಿಸಿದ. ಮರುವರ್ಷ ಚರ್ಚಿನ ಸಂಗೀತದ ಮುಖ್ಯಸ್ಥನಾದ. 1722ರಲ್ಲಿ ಅವನು ತೀರಿಕೊಂಡಾಗ ಊರಿನವರು ಮೊದಲು ಕರೆದದ್ದು ಟೆಲೆಮಾನ್‌ನನ್ನು, ಆಮೇಲೆ ಗ್ರೌಪ್ನರ್‌ನನ್ನು. ಇಬ್ಬರೂ ಲೈಪ್‌ಜಿಗ್‌ನಲ್ಲೇ ಕಾನೂನು ಓದಲು ಬಂದಿದ್ದವರು. ಇಬ್ಬರೂ ಬರಲಾಗದೆ ಹೋದಾಗ, 1723ರಲ್ಲಿ, ಆ ಜಾಗಕ್ಕೆ ಬಂದವನು ಬಾಖ್.

ಕೂನೌವನ್ನು ಇಷ್ಟು ಉದ್ದಕ್ಕೆ ಎಳೆದು ತಂದದ್ದಕ್ಕೆ ಕಾರಣವಿದೆ. ಅವನ ಸಂಗೀತದಲ್ಲಿ ಪಠ್ಯ ಮೊದಲು, ಸ್ವರ ಆಮೇಲೆ. ಮಾತಿಗೆ ಬದ್ಧವಾದ ಆ ಬುದ್ಧಿ ಅವನಿಗೆ ಕಾನೂನಿನ ಮೇಜಿನಿಂದ ಬಂತೋ, ಅವನಲ್ಲಿದ್ದ ಬುದ್ಧಿಯೇ ಎರಡೂ ಕಡೆ ಕೆಲಸಮಾಡಿತೋ, ಬೇರ್ಪಡಿಸಿ ಹೇಳಬೇಕಾಗಿಲ್ಲ. ನಗರದ ಸುಬ್ಬಣ್ಣನವರನ್ನು ನಾನು ಇರಿಸಿ ನೋಡುವುದು ಶೂಮನ್ನನ ಪಕ್ಕದಲ್ಲಿ ಅಲ್ಲ, ಈ ಕೂನೌನ ಪಕ್ಕದಲ್ಲಿ.

ಮಲೆನಾಡಿನಲ್ಲಿ ಬೆಳೆದವರಿಗೆ ಕೋರ್ಟಿನ ಭಾಷೆ ಮನೆಯ ಭಾಷೆಯಷ್ಟೇ ಹತ್ತಿರ. ನಮ್ಮ ಕಡೆ ಅಗಳಿನ ವ್ಯಾಜ್ಯ, ಸೊಪ್ಪಿನಬೆಟ್ಟದ ವ್ಯಾಜ್ಯ, ತೋಟಕ್ಕೆ ಬರುವ ನೀರಿನ ವ್ಯಾಜ್ಯ ಇಲ್ಲದ ಊರಿಲ್ಲ. 1951ರ ಕಾಗೋಡು ಸತ್ಯಾಗ್ರಹದಿಂದ 1974ರ ಭೂಸುಧಾರಣೆಯವರೆಗೆ ಗೇಣಿಯ ಮಾತು ಪ್ರತಿ ಜಗಲಿಯಲ್ಲೂ ಇತ್ತು. ಅಪ್ಪಯ್ಯ ಹೊಸನಗರದಿಂದ ಮೊದಲ ಬಸ್ಸಿಗೆ ಕಾಗದಪತ್ರದ ಚೀಲ ಹಿಡಿದು ಹೊರಟರೆ ರಾತ್ರಿ “ವಾಯಿದೆ ಬಿತ್ತು” ಎಂದು ಬರುತ್ತಿದ್ದರು. ಕ್ರಯಪತ್ರದ ಚಕ್ಕುಬಂದಿಯನ್ನು ಅವರು ಚಿಮಣಿ ಬೆಳಕಿನಲ್ಲಿ ಗಟ್ಟಿಯಾಗಿ ಓದುತ್ತಿದ್ದ ರೀತಿ ನನಗೆ ನೆನಪಿದೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ದರೆ, ಉತ್ತರಕ್ಕೆ ಇಂಥವರ ಬ್ಯಾಣ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಿದ್ದರು. ತಪ್ಪಾದ ಜಾಗದಲ್ಲಿ ಉಸಿರು ತೆಗೆದುಕೊಂಡರೆ ಪಕ್ಕದವರ ಬ್ಯಾಣ ನಮ್ಮದಾಗಿಬಿಡುತ್ತಿತ್ತು, ಅಥವಾ ನಮ್ಮದು ಅವರದ್ದು. ಮಾತಿನ ಒಂದೊಂದು ತುಂಡಿಗೂ ನೆಲದ ಬೆಲೆ ಇದೆ ಎಂದು ನಾನು ಕಲಿತದ್ದು ಅಲ್ಲಿ.

ಸುಬ್ಬಣ್ಣ ಹಾಡುವಾಗ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಎಂದು ಗಮನಿಸಿ. ನಮ್ಮ ಸುಗಮ ಸಂಗೀತದಲ್ಲಿ ರಾಗದ ಅನುಕೂಲಕ್ಕೆ ಪದ ಮುರಿಯುವುದು ಎಷ್ಟು ಸಾಮಾನ್ಯವೆಂದರೆ ಕೇಳುಗರಿಗೆ ಅದು ತಪ್ಪೆಂದೂ ತೋರುವುದಿಲ್ಲ. ಸಮಾಸದ ನಡುವೆ ತಾಳದ ಪೆಟ್ಟು ಬೀಳುತ್ತದೆ, ಸಾಲಿನ ಅರ್ಥ ಪೂರ್ಣವಾಗುವ ಮೊದಲು ಆಲಾಪ ನುಗ್ಗುತ್ತದೆ, ಅನುಸ್ವಾರ ನುಂಗಿಹೋಗುತ್ತದೆ. ಇವರ ಗಾಯನದಲ್ಲಿ ಇದು ತೀರ ಅಪರೂಪ. ಮಹಾಪ್ರಾಣ ಮಹಾಪ್ರಾಣವಾಗಿಯೇ ಕೇಳುತ್ತದೆ, ಒತ್ತಕ್ಷರದ ಒತ್ತು ಉಳಿಯುತ್ತದೆ, ವಾಕ್ಯ ಮುಗಿಯದೆ ದನಿ ಇಳಿಯುವುದಿಲ್ಲ. ಕುಪ್ಪಳಿಯ ಕವಿಯ ಡಿಂಡಿಮದ ಗೀತೆಯನ್ನು ಅವರು ಹಾಡಿದ್ದನ್ನು ಕೇಳಿದರೆ, ಕುವೆಂಪು ಅವರ ಸಂಸ್ಕೃತಭೂಯಿಷ್ಠ ಪದಗಳ ಸಾಲು ಬಾಯಿಯಿಂದ ಬರುವಾಗ ಒಂದೂ ಅಕ್ಷರ ಸವೆಯದೆ ಬರುವುದು ತಿಳಿಯುತ್ತದೆ. ನೋಟರಿಯಾದವನು ಪತ್ರಕ್ಕೆ ಒಂದಕ್ಷರ ಸೇರಿಸುವುದಿಲ್ಲ, ಬಿಡುವುದೂ ಇಲ್ಲ. ಇರುವುದನ್ನು ಇದ್ದ ಹಾಗೆ ಎತ್ತಿಹಿಡಿದು ಇದು ಇವರದೇ ಎಂದು ಮೊಹರು ಒತ್ತುತ್ತಾನೆ. ಕವಿತೆಗೆ ಅವರು ಮಾಡಿದ ಕೆಲಸ ಇದೇ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು, ಓದಿದವರ ನಡುವೆ ಬೆಳೆದದ್ದು. ಹಾಡಿದರೆ ಕವಿತೆ ಹಗುರಾಗುತ್ತದೆ, ಭಾವಗೀತೆಯ ಕ್ಯಾಸೆಟ್ಟು ಕಾವ್ಯವನ್ನು ಸಿಹಿ ಮಾಡಿ ಮಾರಿತು ಎನ್ನುವುದು. ಈ ಆಕ್ಷೇಪದ ಬೇರು ನಮ್ಮ ನೆಲದಲ್ಲೂ ಇದೆ. ಗೋಪಾಲಕೃಷ್ಣ ಅಡಿಗರು 1964ರಿಂದ ಕೆಲವು ವರ್ಷ ಸಾಗರದ ಲಾಲ್ ಬಹದ್ದೂರ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. ‘ಭಾವತರಂಗ’ದ ಹಾಡುಗವಿತೆಗಳನ್ನು ಹಿಂದೆ ಬಿಟ್ಟು ಮಾತಿನ ಲಯಕ್ಕೆ ಹೊರಳಿದ ಕವಿ ಅವರು. ಅವರ ಪ್ರಭಾವದಲ್ಲಿ ಬೆಳೆದ ತಲೆಮಾರಿಗೆ ಹಾಡುವ ಕವಿತೆಯೆಂದರೆ ಯೋಚನೆ ಬೇಡದ ಕವಿತೆ. ಆ ಅನುಮಾನಕ್ಕೆ ಆಧಾರವಿತ್ತೆಂದು ಒಪ್ಪುತ್ತೇನೆ. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂದ ಮೇಲೆ ಕವಿತೆ ಮನೆಮನೆಗೆ ಹೋಯಿತು ನಿಜ. ಅದರ ಹಿಂದೆಯೇ ಬಂದ ಎಷ್ಟೋ ಕ್ಯಾಸೆಟ್ಟುಗಳಲ್ಲಿ ವಾದ್ಯಗಳ ಗುಂಯ್‌ಗುಡುವಿಕೆಯಲ್ಲಿ ಕವಿ ಕಾಣೆಯಾದ.

ಆದರೆ ಈ ತಪ್ಪನ್ನು ಹಾಡುವಿಕೆಯ ಮೇಲೆಯೇ ಹೊರಿಸುವುದು ಅನ್ಯಾಯ. ಕನ್ನಡದಲ್ಲಿ ಕಾವ್ಯವನ್ನು ಹಾಡಿಯೇ ಅರ್ಥ ಮಾಡಿಸುವ ಕಲೆ ಇದೆ, ಅದು ಗಮಕ. ಶಿವಮೊಗ್ಗದ ಹೊರಗೆ, ತುಂಗೆಯ ದಡದ ಹೊಸಹಳ್ಳಿಯಲ್ಲಿ ಅದು ಇಂದಿಗೂ ಉಸಿರಾಡುತ್ತಿದೆ, ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕಿ ಕುಮಾರವ್ಯಾಸನ ಪದ್ಯ ಹಾಡುವಾಗ ತಾಳಕ್ಕೆ ಕಟ್ಟುಬೀಳುವುದಿಲ್ಲ. ಪದವನ್ನು ಅರ್ಥಕ್ಕೆ ಒಡೆಯುತ್ತಾನೆ. ರಾಗ ಅವನಿಗೆ ದಾರಿ, ಊರು ಪದ್ಯದ ಒಳಗಿದೆ. ಒಂದು ಸಾಲನ್ನು ಹಿಡಿದು ಹತ್ತು ಬಗೆ ತಿರುಗಿಸಿ ವಿದ್ವತ್ತು ತೋರುವುದು ಅಲ್ಲಿ ಸಲ್ಲದು. ಸುಬ್ಬಣ್ಣನವರನ್ನು ಕಚೇರಿ ಸಂಗೀತದ ಅಳತೆಗೋಲಿನಲ್ಲಿ ಅಳೆದು “ಅರ್ಧ ಕಲಿಕೆ” ಎಂದವರೂ, ಸಿನಿಮಾದ ಅಳತೆಗೋಲಿನಲ್ಲಿ ಅಳೆದು “ಒಂದೇ ಹಾಡಿನ ಗಾಯಕ” ಎಂದವರೂ ತಪ್ಪು ಕೋಲು ಹಿಡಿದಿದ್ದಾರೆ. ಅವರನ್ನು ಅಳೆಯಬೇಕಾದದ್ದು ಗಮಕದ ಕೋಲಿನಿಂದ. ಹಾಗೆ ಅಳೆದರೆ ಆಧುನಿಕ ಕವಿತೆಗೆ ಸಿಕ್ಕ ಮೊದಲ ಸಾಲಿನ ಗಮಕಿಗಳಲ್ಲಿ ಅವರೊಬ್ಬರು.

ಆ ಒಂದೇ ಹಾಡಿನ ವಿಷಯಕ್ಕೇ ಬರುತ್ತೇನೆ. ಚಂದ್ರಶೇಖರ ಕಂಬಾರರು ಬರೆದು, ನಿರ್ದೇಶಿಸಿ, ಸಂಗೀತವನ್ನೂ ಕೊಟ್ಟ ‘ಕಾಡು ಕುದುರೆ’ಯ ಹಾಡಿಗೆ 1978ನೇ ಸಾಲಿನ ರಾಷ್ಟ್ರೀಯ ಪ್ರಶಸ್ತಿಯಲ್ಲಿ ಅತ್ಯುತ್ತಮ ಹಿನ್ನೆಲೆ ಗಾಯಕರೆಂಬ ರಜತಕಮಲ ಸುಬ್ಬಣ್ಣನವರಿಗೆ ಬಂತು. ಕನ್ನಡ ಚಿತ್ರದ ಹಾಡಿಗೆ ಬಂದ ಮೊದಲ ಪ್ರಶಸ್ತಿ ಅದು ಎಂದು ಭಾಷಣಗಳಲ್ಲಿ ಹೇಳುತ್ತಾರೆ. ಅದು ಸರಿಯಲ್ಲ. ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ಗೆ ಹಾಡಿದ ಬಾಲಮುರಳಿಕೃಷ್ಣ ಅವರಿಗೆ 1975ನೇ ಸಾಲಿನಲ್ಲೇ ಬಂದಿತ್ತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಸುಬ್ಬಣ್ಣ, ಅಷ್ಟೇ ನಿಜ, ಅಷ್ಟೇ ಸಾಕು. ಹೆಚ್ಚು ಹೇಳಿದರೆ ಅವರ ಗೌರವ ಹೆಚ್ಚುವುದಿಲ್ಲ.

ಪ್ರಶಸ್ತಿಗಿಂತ ಆ ಹಾಡಿನೊಳಗೆ ನಡೆದದ್ದು ದೊಡ್ಡದು. ಕಂಬಾರರ ಪದಗಳು ಬೆಳಗಾವಿ ಕಡೆಯ ಜಾನಪದದಿಂದ ಬಂದವು, ಒರಟು, ಬಿರುಸು. ಸಾಲಿನ ಕೊನೆಗೆ ಎಳೆದು ಬಿಡುವ ದೀರ್ಘ ಅವುಗಳ ಜೀವ. ಹಾಡಿದವರು ಮಲೆನಾಡಿನ ನಗರದವರು. ಆ ದೀರ್ಘ ಸಿಕ್ಕಿದ ಕೂಡಲೇ ಅಲ್ಲೊಂದು ಕಂಪನ, ಅಲ್ಲೊಂದು ಬಿರ್ಕಾ ಹಾಕಲು ಯಾವ ಗಾಯಕನ ಗಂಟಲಿಗೂ ಆಸೆಯಾಗುತ್ತದೆ. ಸುಬ್ಬಣ್ಣ ಅದನ್ನು ನೆಟ್ಟಗೆ, ತೆರೆದ ಗಂಟಲಿನಲ್ಲಿ, ಮೇಲಿನ ಸ್ವರದಲ್ಲಿ ಹಾಗೇ ಹಿಡಿದು ಬಿಡುತ್ತಾರೆ. ಕುದುರೆಗೆ ಜೂಲು ಬಾಚಿ ಹೂ ಮುಡಿಸುವುದಿಲ್ಲ. ಅದು ಕಾಡಿನಿಂದ ಹೇಗೆ ಬಂತೋ ಹಾಗೇ ಎದುರು ನಿಲ್ಲುತ್ತದೆ. ತನ್ನ ಪ್ರದೇಶದ್ದಲ್ಲದ ನುಡಿಯನ್ನು ಅಣಕಿಸದೆ, ತನ್ನ ನುಡಿಗೆ ಇಳಿಸಿಕೊಳ್ಳದೆ, ಅದರದೇ ದನಿಯಲ್ಲಿ ಎತ್ತಿ ಹೇಳುವುದು ಹೇಗೆ ಸಾಧ್ಯವಾಯಿತು? ದಿನವೂ ಬೇರೆಯವರ ಮಾತನ್ನು ಬೇರೆಯವರ ಪರವಾಗಿ ಆಡುವವನಿಗೆ ಅದು ರೂಢಿ. ವಕಾಲತ್ತು ಹಾಕಿದ ಮೇಲೆ ಕಕ್ಷಿದಾರನ ಮಾತು ತನ್ನ ಬಾಯಿಂದ ಬರಬೇಕು, ಆದರೆ ಅದು ಕಕ್ಷಿದಾರನದಾಗಿಯೇ ಉಳಿಯಬೇಕು.

ಇದೇ ಗುಣ ಸಂತ ಶಿಶುನಾಳ ಶರೀಫರ ಪದದಲ್ಲಿ ಇನ್ನೊಂದು ರೂಪ ಪಡೆಯುತ್ತದೆ. ಗಂಡನ ಮನೆಗೆ ಹೊರಟ ತಂಗಿಗೆ ಅಳಬೇಡವೆಂದು ಹೇಳುವ ಪದ ಎಲ್ಲರಿಗೂ ಗೊತ್ತು. ಮೇಲೆ ಮದುವೆ, ಒಳಗೆ ಮರಣ. ಸಭೆಯನ್ನು ಅಳಿಸುವುದು ಅದರಲ್ಲಿ ಸುಲಭ, ಎಷ್ಟೋ ಗಾಯಕರು ಅಳಿಸಿದ್ದಾರೆ. ಸುಬ್ಬಣ್ಣ ಅದನ್ನು ಹಾಡುವಾಗ ದನಿ ಒದ್ದೆಯಾಗುವುದಿಲ್ಲ. ಸಮಾಧಾನ ಹೇಳುವವನೇ ಅತ್ತರೆ ಅದು ಸಮಾಧಾನ ಹೇಗಾದೀತು? ಕೇಳಿದವರ ಕಣ್ಣು ತುಂಬುತ್ತದೆ, ಹಾಡುವವನ ಗಂಟಲು ಗಟ್ಟಿಯಾಗಿರುತ್ತದೆ. ನನ್ನ ದೊಡ್ಡಮ್ಮ ತೀರಿಕೊಂಡ ವಾರ ಈ ಹಾಡನ್ನು ಕೇಳಿದೆ. ಅವತ್ತು ನನಗೆ ಬೇಕಾಗಿದ್ದದ್ದು ಜೊತೆಗೆ ಅಳುವ ದನಿಯಲ್ಲ, ನೇರವಾಗಿ ನಿಂತು ಮಾತಾಡುವ ದನಿ. ಅದು ಅಲ್ಲಿ ಸಿಕ್ಕಿತು.

ಅವರಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ರಾಗ ಸಂಯೋಜನೆಯ ಮಾತು ಬಂದರೆ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರ ಸಾಲಿನಲ್ಲಿ ಸುಬ್ಬಣ್ಣನವರನ್ನು ನಿಲ್ಲಿಸಲಾರೆ. ಅವರ ದನಿ ಎತ್ತರಕ್ಕೆ ಏರಿದಾಗ ಬೆಳಗುತ್ತದೆ, ಆದರೆ ಪಿಸುಮಾತಿನ ಕವಿತೆಗಳಿಗೆ, ಕೆ.ಎಸ್. ನರಸಿಂಹಸ್ವಾಮಿಯವರ ಮನೆಯೊಳಗಿನ ಸರಸಕ್ಕೆ, ಆ ಎತ್ತರ ಕೆಲವೊಮ್ಮೆ ಹೆಚ್ಚಾಯಿತು. ಬೇಂದ್ರೆಯವರ ಕವಿತೆಯಲ್ಲಿ ಶಬ್ದವೇ ಕುಣಿಯುತ್ತ ಅರ್ಥದಿಂದ ಜಾರಿಕೊಳ್ಳುವ ಘಳಿಗೆಗಳಿವೆ. ಅಲ್ಲಿ ಅಕ್ಷರಕ್ಕೆ ಬದ್ಧವಾದ ಈ ಗಾಯನ ಸ್ವಲ್ಪ ಬಿಗಿ ಅನ್ನಿಸಿದ್ದುಂಟು. ಶರೀಫರನ್ನು ಅಶ್ವತ್ಥ್ ಹಾಡಿದಾಗ ಸಿಗುವ ಹುಚ್ಚು ಇವರಲ್ಲಿ ಇಲ್ಲ. ಈ ಮಿತಿಗಳೂ ಅದೇ ಗುಣದ ಇನ್ನೊಂದು ಮಗ್ಗುಲು ಎಂದು ನಾನು ತಿಳಿದಿದ್ದೇನೆ. ಪತ್ರಕ್ಕೆ ನಿಷ್ಠನಾದವನು ಪತ್ರ ಹರಿದು ಹಾರಿಸಲಾರ.

“ಪೂರ್ತಿ ಹಾಡಿಗೇ ನಿಂತಿದ್ದರೆ” ಎಂದವರು ಇನ್ನೊಂದನ್ನು ಮರೆಯುತ್ತಾರೆ. ಸುಗಮ ಸಂಗೀತವನ್ನು ಕಟ್ಟಿದವರಲ್ಲಿ ನೌಕರಿಯವರೇ ಹೆಚ್ಚು. ಅಶ್ವತ್ಥ್ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ದಶಕಗಟ್ಟಲೆ ದುಡಿದರು. ಕವಿಗಳಲ್ಲಿ ‘ನಿತ್ಯೋತ್ಸವ’ದ ನಿಸಾರ್ ಅಹಮದ್ ಭೂವಿಜ್ಞಾನದ ಮೇಷ್ಟ್ರು, ಶಿವಮೊಗ್ಗದವರೇ ಆದ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಕನ್ನಡದ ಮೇಷ್ಟ್ರು. ಕಚೇರಿ ಬಿಟ್ಟ ಸಂಜೆಗಳಲ್ಲಿ, ರಜೆಯ ಭಾನುವಾರಗಳಲ್ಲಿ ಈ ಪ್ರಕಾರ ಬೆಳೆಯಿತು. ಸಂಬಳವೋ ಫೀಸೋ ಕೈಯಲ್ಲಿದ್ದುದರಿಂದ ಸಿನಿಮಾದವರು ಕರೆಯದಿದ್ದರೂ ಅವರ ಮನೆಯ ಒಲೆ ಉರಿಯುತ್ತಿತ್ತು. ತಮಗೆ ಒಪ್ಪಿದ ಕವಿತೆಯನ್ನೇ ಹಾಡುವ ಧೈರ್ಯ ಅದರಿಂದ ಬಂತು. ರಜತಕಮಲ ಬಂದ ಮೇಲೂ ಸುಬ್ಬಣ್ಣ ಸಿನಿಮಾಗಾಯಕರಾಗಲಿಲ್ಲ, ಕವಿತೆಯ ಗಾಯಕರಾಗಿಯೇ ಉಳಿದರು. ಇದನ್ನು ಅವಕಾಶ ತಪ್ಪಿದ್ದು ಎಂದು ಓದುತ್ತಾರೆ. ನಾನು ಆಯ್ಕೆ ಎಂದು ಓದುತ್ತೇನೆ. ವಕೀಲಿಕೆ ಇಲ್ಲದೆ ಆ ಆಯ್ಕೆ ಸಾಧ್ಯವಿರಲಿಲ್ಲ.

ರಾಜ್ಯ ಅವರಿಗೆ ಸಂತ ಶಿಶುನಾಳ ಶರೀಫ ಪ್ರಶಸ್ತಿ ಕೊಟ್ಟಿತು, ಕುವೆಂಪು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಇನ್ನು ಬೇಕಾಗಿರುವುದು ಸನ್ಮಾನವಲ್ಲ, ವಿಮರ್ಶೆ. ಕವಿತೆಯ ಬಗ್ಗೆ ಪುಟಗಟ್ಟಲೆ ಬರೆಯುವ ನಾವು ಕವಿತೆ ಹಾಡಿದವರ ಬಗ್ಗೆ “ಸುಶ್ರಾವ್ಯ”, “ಕಂಚಿನ ಕಂಠ” ಎಂದು ಬರೆದು ಮುಗಿಸುತ್ತೇವೆ. ಒಬ್ಬ ಗಾಯಕ ಒಂದು ಸಾಲನ್ನು ಎಲ್ಲಿ ಒಡೆದ, ಯಾವ ಪದದ ಮೇಲೆ ನಿಂತ, ಯಾವುದನ್ನು ದಾಟಿಸಿದ ಎಂಬುದು ಆ ಕವಿತೆಯ ಒಂದು ವ್ಯಾಖ್ಯಾನ. ಅದನ್ನು ವ್ಯಾಖ್ಯಾನವೆಂದೇ ಓದಬೇಕು. ಸುಗಮ ಸಂಗೀತದ ಇನ್ನೊಬ್ಬ ಗಾಯಕ ಗರ್ತಿಕೆರೆಯ ರಾಘಣ್ಣನವರೂ ಇದೇ ಹೊಸನಗರ ತಾಲೂಕಿನವರು. ಎರಡು ದನಿಗಳನ್ನು ಜೊತೆಗಿಟ್ಟು ನೋಡುವ ಕೆಲಸವನ್ನು ನಮ್ಮ ಕಡೆಯ ಕಾಲೇಜುಗಳ ಕನ್ನಡ ವಿಭಾಗಗಳು ಯಾಕೆ ಕೈಗೆತ್ತಿಕೊಳ್ಳಬಾರದು? 1965ರಿಂದ ಮಲೆನಾಡಿಗೆ ದನಿಯಾಗಿರುವ ಭದ್ರಾವತಿ ಆಕಾಶವಾಣಿ ಹತ್ತಿರದಲ್ಲೇ ಇದೆ, ರಂಗಕಲೆಗೆ ಹೆಸರಾದ ಹೆಗ್ಗೋಡೂ ಹತ್ತಿರದಲ್ಲೇ ಇದೆ.

ಓದುಗರಲ್ಲಿ ನನ್ನದೊಂದು ಕೋರಿಕೆ. ಸುಬ್ಬಣ್ಣ ಹಾಡಿದ ಒಂದು ಕವಿತೆಯನ್ನು ಆರಿಸಿಕೊಳ್ಳಿ. ಪುಸ್ತಕ ತೆರೆದು ಮುಂದಿಟ್ಟುಕೊಳ್ಳಿ, ಕೈಯಲ್ಲಿ ಪೆನ್ಸಿಲ್ ಇರಲಿ. ಹಾಡು ಕೇಳುತ್ತ, ಅವರು ಉಸಿರು ತೆಗೆದುಕೊಂಡ ಜಾಗಕ್ಕೆಲ್ಲ ಒಂದೊಂದು ಗೀಟು ಹಾಕಿ. ಹಾಡು ಮುಗಿದ ಮೇಲೆ ಗೀಟು ಬಿದ್ದ ಜಾಗಗಳಲ್ಲಷ್ಟೇ ನಿಲ್ಲಿಸಿ ಕವಿತೆಯನ್ನು ಒಮ್ಮೆ ಗಟ್ಟಿಯಾಗಿ ಓದಿ.